ಲಾರಿ ಮಾಲೀಕರ ಸಂಘ ಮತ್ತು ಒಂದು ಸರ್ಕಾರದ ಪತನ

ದಕ್ಷಿಣ ಅಮೆರಿಕದ ಭೂಪಟವನ್ನು ಬಿಡಿಸಿ ನೋಡಿದರೆ ಚಿಲಿ ದೇಶ ಹೆಸರಿಗೆ ತಕ್ಕಂತೆ ಒಂದು ಉದ್ದನೆಯ ಮೆಣಸಿನಕಾಯಿಯ ಹಾಗೆ ಕಾಣುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 4,300 ಕಿಲೋಮೀಟರ್ ಉದ್ದ. ಅಗಲ ಮಾತ್ರ ಸರಾಸರಿ 180 ಕಿಲೋಮೀಟರ್. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಆಂಡಿಸ್ ಪರ್ವತ. ಇವೆರಡರ ನಡುವೆ ದೇಶದ ಬೆನ್ನೆಲುಬಿನಂತೆ ಒಂದೇ ಒಂದು ಹೆದ್ದಾರಿ. ದಕ್ಷಿಣದ ಗೋಧಿ, ಮಧ್ಯದ ಬಯಲಿನ ತರಕಾರಿ, ಉತ್ತರದ ತಾಮ್ರದ ಗಣಿಗಳಿಗೆ ಬೇಕಾದ ಸಾಮಾನು, ಎಲ್ಲವೂ ಈ ದಾರಿಯಲ್ಲೇ ಓಡಾಡಬೇಕು. ರೈಲು ಇದೆ, ಆದರೆ ರೈಲು ನಿಲ್ದಾಣದಿಂದ ಸಂತೆಗೆ, ಅಂಗಡಿಗೆ, ಹಿಟ್ಟಿನ ಗಿರಣಿಗೆ ಸಾಮಾನು ತಲುಪಿಸುವುದು ಲಾರಿಯೇ. ಇಂಥ ದೇಶದಲ್ಲಿ ಲಾರಿಯ ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಇಡೀ ದೇಶದ ಕತ್ತು ಇರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

1972 ಮತ್ತು 1973ರಲ್ಲಿ ಆ ಕತ್ತನ್ನು ಎರಡು ಸಲ ಹಿಸುಕಲಾಯಿತು. ಎರಡನೆಯ ಸಲ ಜನರಿಂದ ಆಯ್ಕೆಯಾಗಿದ್ದ ಒಂದು ಸರ್ಕಾರವೇ ಉಸಿರು ಬಿಟ್ಟಿತು. ಸೆಪ್ಟೆಂಬರ್ 11 ಎಂದ ಕೂಡಲೇ ಇಂದು ಜಗತ್ತಿಗೆ ನೆನಪಾಗುವುದು ನ್ಯೂಯಾರ್ಕಿನ ಗೋಪುರಗಳು. ಚಿಲಿಯ ಜನರಿಗೆ ಮಾತ್ರ ಆ ತಾರೀಖು 1973ರಿಂದಲೇ ಕರಾಳ ದಿನ. ಆ ದಿನದ ಬಗ್ಗೆ, ಅಧ್ಯಕ್ಷ ಸಾಲ್ವಡಾರ್ ಅಲೆಂಡೆ, ಜನರಲ್ ಪಿನೊಚೆ ಹಾಗೂ ಅಮೆರಿಕದ ಪಾತ್ರದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಆ ದಿನದ ದಾರಿಯನ್ನು ಹಸನು ಮಾಡಿಕೊಟ್ಟವರಲ್ಲಿ ಸೈನಿಕರಲ್ಲದ, ಶ್ರೀಮಂತರೂ ಅಲ್ಲದ ಒಂದು ವರ್ಗವಿತ್ತು. ಅದು ಲಾರಿ ಮಾಲೀಕರ ಸಂಘ. ಅವರ ಕತೆ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

ಮೊದಲಿಗೆ ಈ ಮಾಲೀಕರು ಯಾರು ಎಂಬುದನ್ನು ತಿಳಿಯಬೇಕು. ನೂರಾರು ಲಾರಿಗಳ ಒಡೆಯರು ಅವರಲ್ಲಿ ಬಹಳ ಕಡಿಮೆ. ಹೆಚ್ಚಿನವರಿಗೆ ಇದ್ದದ್ದು ಒಂದೋ ಎರಡೋ ಲಾರಿ. ಮಾಲೀಕನೇ ಎಷ್ಟೋ ಸಲ ಡ್ರೈವರ್. ಲಾರಿಯ ಮೇಲೆ ಸಾಲ, ಸಾಲಕ್ಕೆ ತಿಂಗಳ ಕಂತು. ನಮ್ಮ ಊರುಗಳಲ್ಲಿ ಲಾರಿ ಇಟ್ಟವರನ್ನು, ಗ್ಯಾರೇಜು ಮತ್ತು ಟಿಂಕರಿಂಗ್ ಕೆಲಸದಲ್ಲಿ ತಲೆಮಾರುಗಳನ್ನು ಕಳೆದ ಕುಟುಂಬಗಳನ್ನು ಹತ್ತಿರದಿಂದ ಬಲ್ಲ ಓದುಗರಿಗೆ ಈ ಬದುಕನ್ನು ವಿವರಿಸಬೇಕಾಗಿಲ್ಲ. ಹೊರಗಿನಿಂದ ನೋಡಿದವರಿಗೆ ಆತ ಮಾಲೀಕ. ಒಳಗೆ ಮಾತ್ರ ಟೈರು ಸವೆದರೆ ನಿದ್ದೆಗೆಡುವ ಮನುಷ್ಯ.

ಇಂಥವರು ಊರೂರಿನಲ್ಲಿ, ಪ್ರಾಂತ್ಯ ಪ್ರಾಂತ್ಯದಲ್ಲಿ ತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದರು. ಬಾಡಿಗೆ ದರ, ಟೈರಿನ ಹಂಚಿಕೆ, ತೆರಿಗೆಯ ತಕರಾರು, ಇವೇ ಸಂಘದ ದಿನನಿತ್ಯದ ಕೆಲಸ. ಈ ಸ್ಥಳೀಯ ಸಂಘಗಳೆಲ್ಲ ಸೇರಿ ರಾಷ್ಟ್ರಮಟ್ಟದ ಒಂದು ಒಕ್ಕೂಟವಾಗಿತ್ತು. ಅದರ ಮುಖಂಡ ಲೆಯೋನ್ ವಿಲಾರಿನ್. ಸ್ಪ್ಯಾನಿಷ್ ಭಾಷೆಯಲ್ಲಿ ಇಂಥ ವೃತ್ತಿಸಂಘಗಳನ್ನು 'ಗ್ರೆಮಿಯೊ' ಎನ್ನುತ್ತಾರೆ. ನಮ್ಮ ಹಳೆಯ ವರ್ತಕ ಶ್ರೇಣಿಗಳನ್ನು ನೆನಪಿಸುವ ಪದ. ಕಾರ್ಮಿಕ ಸಂಘಕ್ಕೂ ಇದಕ್ಕೂ ವ್ಯತ್ಯಾಸವಿದೆ. ಕಾರ್ಮಿಕನ ಬಳಿ ಇರುವುದು ದುಡಿಮೆ. ಗ್ರೆಮಿಯೊದ ಸದಸ್ಯನ ಬಳಿ ಕಳೆದುಕೊಳ್ಳಲು ಏನೋ ಒಂದಿಷ್ಟು ಆಸ್ತಿಯೂ ಇರುತ್ತದೆ. ಆ 'ಒಂದಿಷ್ಟು' ಎಂಬುದೇ ಅವನನ್ನು ಎಲ್ಲರಿಗಿಂತ ಹೆಚ್ಚು ಹೆದರಿಸುತ್ತದೆ.

1970ರ ಸೆಪ್ಟೆಂಬರ್ 4ರಂದು ನಡೆದ ಚುನಾವಣೆಯಲ್ಲಿ ಅಲೆಂಡೆ ಗೆದ್ದರು. ಬಹುಮತದ ಗೆಲುವಲ್ಲ. ತ್ರಿಕೋನ ಸ್ಪರ್ಧೆಯಲ್ಲಿ ಶೇ. 36ಕ್ಕೆ ತುಸು ಹೆಚ್ಚು ಮತ ಪಡೆದ ಗೆಲುವು. ಸಂವಿಧಾನದ ಪ್ರಕಾರ ಸಂಸತ್ತು ಅದಕ್ಕೆ ಮುದ್ರೆ ಒತ್ತಿತು. ನವೆಂಬರಿನಲ್ಲಿ ಅಲೆಂಡೆ ಅಧಿಕಾರ ವಹಿಸಿಕೊಂಡರು. ಮರುವರ್ಷ ಜುಲೈಯಲ್ಲಿ ಅಮೆರಿಕದ ಕಂಪನಿಗಳ ಕೈಯಲ್ಲಿದ್ದ ತಾಮ್ರದ ಗಣಿಗಳನ್ನು ರಾಷ್ಟ್ರೀಕರಣ ಮಾಡಲಾಯಿತು. ಆ ಮಸೂದೆಗೆ ವಿರೋಧ ಪಕ್ಷಗಳೂ ಸೇರಿ ಇಡೀ ಸಂಸತ್ತು ಒಮ್ಮತದಿಂದ ಮತ ಹಾಕಿತ್ತು ಎಂಬುದು ಗಮನಿಸಬೇಕಾದ ಅಂಶ.

ಅಮೆರಿಕದ ಅಧ್ಯಕ್ಷ ನಿಕ್ಸನ್ ಅಷ್ಟು ಹೊತ್ತಿಗೆ ತೀರ್ಮಾನ ಮಾಡಿ ಆಗಿತ್ತು. 1970ರ ಸೆಪ್ಟೆಂಬರ್ 15ರಂದು, ಅಂದರೆ ಅಲೆಂಡೆ ಅಧಿಕಾರಕ್ಕೆ ಬರುವ ಮೊದಲೇ, ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಅವರನ್ನು ಕರೆಸಿ ಚಿಲಿಯ ಆರ್ಥಿಕತೆ ನರಳುವಂತೆ ಮಾಡಬೇಕೆಂದು ಆದೇಶಿಸಿದ್ದು ಹೆಲ್ಮ್ಸ್ ಕೈಬರಹದ ಟಿಪ್ಪಣಿಯಿಂದಲೇ ಮುಂದೆ ಬಯಲಾಯಿತು. ನರಳಿಸುವುದು ಹೇಗೆ? ಯುದ್ಧ ಹೂಡಬೇಕಾಗಿಲ್ಲ. ಸಾಲದ ಬಾಗಿಲು ಮುಚ್ಚಿದರೆ ಸಾಕು. ಚಿಲಿಯ ಬಸ್ಸು, ಲಾರಿ, ಗಣಿಯಂತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ತಯಾರಾದವು. ಅವುಗಳ ಬಿಡಿಭಾಗ ಬರಬೇಕಾದದ್ದೂ ಅಲ್ಲಿಂದಲೇ. ಸಾಲದ ಮೇಲೆ ಬರುತ್ತಿದ್ದ ಬಿಡಿಭಾಗಗಳಿಗೆ ಈಗ ರೊಕ್ಕ ಮೊದಲು ಎಣಿಸಬೇಕಾಯಿತು. ಡಾಲರ್ ಇರಲಿಲ್ಲ. 1972ರ ಕೊನೆಯ ಹೊತ್ತಿಗೆ ಬಿಡಿಭಾಗ ಮತ್ತು ಟೈರು ಇಲ್ಲದೆ ಖಾಸಗಿ ನಗರ ಬಸ್ಸುಗಳಲ್ಲಿ ಶೇ. 30, ಸರ್ಕಾರಿ ಬಸ್ಸುಗಳಲ್ಲಿ ಶೇ. 33, ಟ್ಯಾಕ್ಸಿಗಳಲ್ಲಿ ಶೇ. 21ರಷ್ಟು ಮೂಲೆ ಸೇರಿದ್ದವೆಂದು ಚಿಲಿ ಸರ್ಕಾರವೇ ಲೆಕ್ಕ ಹಾಕಿತ್ತು. ಅಮೆರಿಕದ ಸೆನೆಟ್ ಸಮಿತಿಯ ವರದಿಯಲ್ಲಿ ಈ ಲೆಕ್ಕ ದಾಖಲಾಗಿದೆ.

ಒಂದು ಗೇರಿನ ಚಕ್ರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತ ಕೂತ ಲಾರಿ ಮಾಲೀಕನಿಗೆ ವಾಷಿಂಗ್ಟನ್ನಿನ ಕಡತಗಳು ಕಾಣುವುದಿಲ್ಲ. ಅವನಿಗೆ ಕಾಣುವುದು ತನ್ನೂರಿನ ಸರ್ಕಾರ. ಬಿಡಿಭಾಗ ಆಮದಿಗೆ ಪರವಾನಗಿ ಕೊಡುವುದು ಸರ್ಕಾರ, ಬಾಡಿಗೆ ದರಕ್ಕೆ ಮಿತಿ ಹಾಕುವುದು ಸರ್ಕಾರ. ಹಣದುಬ್ಬರ 1972ರ ಅಂತ್ಯಕ್ಕೆ ಶೇ. 160ನ್ನು ದಾಟಿದಾಗ ಆ ಮಿತಿ ಅವನ ಹೊಟ್ಟೆಯ ಮೇಲೆ ಬಿದ್ದ ಹೊಡೆತವಾಯಿತು. ಅವನ ಸಿಟ್ಟು ಸುಳ್ಳಲ್ಲ. ಅದರ ಬೇರು ಅರ್ಧ ಬೇರೆ ದೇಶದಲ್ಲಿತ್ತು, ಅಷ್ಟೇ.

ಕಿಡಿ ಬಿದ್ದದ್ದು ಮಾತ್ರ ಯಾರೂ ನಿರೀಕ್ಷಿಸದ ಮೂಲೆಯಲ್ಲಿ. ಚಿಲಿಯ ದಕ್ಷಿಣದ ತುದಿಯ ಕಡೆ ಐಸೇನ್ ಎಂಬ ಪ್ರಾಂತ್ಯವಿದೆ. ಹಿಮನದಿ, ದಟ್ಟ ಕಾಡು, ಸಮುದ್ರ ಒಳಹೊಕ್ಕ ಕೊರಕಲು ದಡ. ಆ ಕಾಲಕ್ಕೆ ದೇಶದ ಉಳಿದ ಭಾಗದಿಂದ ಅಲ್ಲಿಗೆ ನೇರವಾದ ರಸ್ತೆಯೇ ಇರಲಿಲ್ಲ. ಹಡಗಿನಲ್ಲೋ ವಿಮಾನದಲ್ಲೋ, ಇಲ್ಲವೇ ಪಕ್ಕದ ಅರ್ಜೆಂಟೀನಾವನ್ನು ಸುತ್ತಿ ಬಳಸಿಯೋ ಹೋಗಬೇಕು. ಜನಸಂಖ್ಯೆ ಬಹಳ ವಿರಳ. ಅಲ್ಲಿ ಲಾಭದ ಲೆಕ್ಕ ನೋಡಿ ಸಾಗಾಣಿಕೆ ನಡೆಸುವವರು ಕಡಿಮೆ, ಹಾಗಾಗಿ ಸಾಮಾನಿನ ಬೆಲೆ ಹೆಚ್ಚು. 1972ರಲ್ಲಿ ಸರ್ಕಾರ ಈ ಪ್ರಾಂತ್ಯಕ್ಕೆ ಸರ್ಕಾರಿ ಸಾಗಾಣಿಕೆ ಸಂಸ್ಥೆಯೊಂದನ್ನು ಸ್ಥಾಪಿಸುವ ಯೋಜನೆಯನ್ನು ಪ್ರಕಟಿಸಿತು.

ಐಸೇನಿನ ಲಾರಿ ಮಾಲೀಕರಿಗೆ ಇದು ತಮ್ಮ ಅನ್ನಕ್ಕೆ ಬಂದ ಕುತ್ತಾಗಿ ಕಂಡಿತು. ಸರ್ಕಾರಿ ಲಾರಿ ರಸ್ತೆಗಿಳಿದರೆ ನಮ್ಮ ಲಾರಿಗೆ ಲೋಡು ಎಲ್ಲಿ? ಬಿಡಿಭಾಗ ಬಂದರೆ ಮೊದಲು ಸರ್ಕಾರಿ ಲಾರಿಗೇ ಹೋಗುವುದಿಲ್ಲವೇ? ಸಣ್ಣ ಪ್ರಾಂತ್ಯದ ಸಣ್ಣ ಸಂಘ ಕೇಳಿದ ಈ ಪ್ರಶ್ನೆಗಳಲ್ಲಿ ಅನ್ಯಾಯವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಪ್ರಾದೇಶಿಕ ಸಂಘ ಇರುವುದೇ ಇಂಥ ಪ್ರಶ್ನೆ ಕೇಳಲು. ಸರ್ಕಾರ ಅವರನ್ನು ಕೂರಿಸಿ ಮಾತನಾಡಿಸಿದ್ದರೆ, ಒಂದಷ್ಟು ಲೋಡು ನಿಮಗೆ ಎಂದು ಬರೆದು ಕೊಟ್ಟಿದ್ದರೆ, ಜಗಳ ಅಲ್ಲೇ ಮುಗಿಯಬಹುದಾಗಿತ್ತು.

ಮುಗಿಯಲಿಲ್ಲ. ಐಸೇನಿನ ತಕರಾರನ್ನು ರಾಷ್ಟ್ರೀಯ ಒಕ್ಕೂಟ ಎತ್ತಿಕೊಂಡಿತು. 'ಇವತ್ತು ಐಸೇನ್, ನಾಳೆ ಇಡೀ ದೇಶ' ಎಂಬ ಭಯ ಹಬ್ಬಿತು. ಅಕ್ಟೋಬರ್ 9ರಂದು ದೇಶಾದ್ಯಂತ ಲಾರಿಗಳು ನಿಂತವು. ಸರ್ಕಾರ ವಿಲಾರಿನ್ ಸೇರಿದಂತೆ ಮುಖಂಡರನ್ನು ಬಂಧಿಸಿತು, ಹಲವು ಪ್ರಾಂತ್ಯಗಳಲ್ಲಿ ತುರ್ತುಪರಿಸ್ಥಿತಿ ಘೋಷಿಸಿತು. ಬಂಧನ ಬೆಂಕಿಗೆ ತುಪ್ಪವಾಯಿತು. ಅಂಗಡಿಕಾರರು ಬಾಗಿಲು ಹಾಕಿದರು. ಖಾಸಗಿ ಬಸ್ ಮಾಲೀಕರು, ವೈದ್ಯರು, ವಕೀಲರು, ಎಂಜಿನಿಯರುಗಳು ಒಬ್ಬೊಬ್ಬರಾಗಿ ಸೇರಿಕೊಂಡರು. ಎರಡು ವಾರ ಕಳೆಯುವಷ್ಟರಲ್ಲಿ ಬೇಡಿಕೆಪಟ್ಟಿಯ ಸ್ವರೂಪವೇ ಬದಲಾಗಿತ್ತು. ಅದರಲ್ಲಿ ಸರ್ಕಾರದ ಇಡೀ ಧೋರಣೆಯನ್ನೇ ಪ್ರಶ್ನಿಸುವ ಅಂಶಗಳಿದ್ದವು. ಐಸೇನಿನ ಲಾರಿಯವನ ಲೋಡಿನ ಪ್ರಶ್ನೆ ಆ ಪಟ್ಟಿಯ ಯಾವುದೋ ಮೂಲೆಯಲ್ಲಿ ಉಳಿಯಿತು.

ಈ ಮುಷ್ಕರದ ಇನ್ನೊಂದು ಮುಖವೂ ಇದೆ. ಕಾರ್ಮಿಕರು ಕಾರ್ಖಾನೆಗಳನ್ನು ಮುಚ್ಚಲು ಬಿಡಲಿಲ್ಲ. ಅಕ್ಕಪಕ್ಕದ ಕಾರ್ಖಾನೆಗಳವರು ಒಂದಾಗಿ ಕೈಗಾರಿಕಾ ವಲಯಗಳ ಸಮಿತಿಗಳನ್ನು ಬಲಪಡಿಸಿಕೊಂಡರು. ಕಾರ್ಖಾನೆಯ ಲಾರಿಗಳಲ್ಲೇ ಕಚ್ಚಾಮಾಲು, ಹಾಲು, ಹಿಟ್ಟು ಸಾಗಿಸಿದರು. ವಿದ್ಯಾರ್ಥಿಗಳು ಮೂಟೆ ಹೊತ್ತರು. ಒಕ್ಕೂಟದ ಕರೆಯನ್ನು ಧಿಕ್ಕರಿಸಿದ ಲಾರಿ ಮಾಲೀಕರೂ ಇದ್ದರು. ಅವರು ಬೇರೆಯಾಗಿ ತಮ್ಮದೇ ಸಂಘಟನೆ ಕಟ್ಟಿಕೊಂಡು ಸರ್ಕಾರದ ಪರವಾಗಿ ಲಾರಿ ಓಡಿಸಿದರು, ಅದಕ್ಕಾಗಿ ದಾರಿಯಲ್ಲಿ ಕಲ್ಲೇಟು ತಿಂದರು. ಆಗ ಬ್ರಿಟನ್ನಿನ ಸ್ಟ್ಯಾಫರ್ಡ್ ಬಿಯರ್ ಎಂಬ ತಜ್ಞರ ಸಲಹೆಯಂತೆ ಸರ್ಕಾರ ಕಾರ್ಖಾನೆಗಳನ್ನು ಟೆಲೆಕ್ಸ್ ಯಂತ್ರಗಳ ಮೂಲಕ ರಾಜಧಾನಿಗೆ ಜೋಡಿಸುವ ಪ್ರಯೋಗ ನಡೆಸುತ್ತಿತ್ತು. ಎಲ್ಲಿ ಡೀಸೆಲ್ ಇದೆ, ಯಾವ ರಸ್ತೆ ತೆರೆದಿದೆ, ಯಾವ ಲಾರಿ ಖಾಲಿ ನಿಂತಿದೆ ಎಂಬ ಸುದ್ದಿಯನ್ನು ಈ ಯಂತ್ರಗಳು ಹಗಲೂ ರಾತ್ರಿ ರವಾನಿಸಿದವು. ಸರ್ಕಾರದ ಕಡೆ ಉಳಿದ ಸುಮಾರು 200 ಲಾರಿಗಳಿಂದಲೇ ರಾಜಧಾನಿ ಸ್ಯಾಂಟಿಯಾಗೊಗೆ ಆಹಾರ ತಲುಪಿಸಲು ಇದರಿಂದ ಸಾಧ್ಯವಾಯಿತೆಂದು ಆ ಯೋಜನೆಯಲ್ಲಿ ದುಡಿದವರು ಹೇಳುತ್ತಾರೆ.

ನಮ್ಮ ಓದುಗರಿಗೆ ಆಸಕ್ತಿ ಹುಟ್ಟಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಅರಬ್ ಜಗತ್ತಿನ ಹೊರಗೆ ಅತಿ ಹೆಚ್ಚು ಪ್ಯಾಲೆಸ್ತೀನಿಯರು ನೆಲೆಸಿರುವ ದೇಶ ಚಿಲಿ. ಬೆತ್ಲೆಹೇಮ್ ಸುತ್ತಮುತ್ತಲಿಂದ ವಲಸೆ ಹೋದ ಈ ಕುಟುಂಬಗಳಲ್ಲಿ ಹೆಚ್ಚಿನವರು ಕ್ರೈಸ್ತರು. ಬಟ್ಟೆ ವ್ಯಾಪಾರದಿಂದ ಮೇಲೆ ಬಂದವರು ಬಹಳ. ಅಂಥ ಒಂದು ಕುಟುಂಬವಾದ ಯಾರೂರ್ ಮನೆತನದ ದೊಡ್ಡ ಬಟ್ಟೆ ಗಿರಣಿಯನ್ನು 1971ರಲ್ಲಿ ಕಾರ್ಮಿಕರು ವಶಪಡಿಸಿಕೊಂಡರು, ಸರ್ಕಾರ ಅದನ್ನು ರಾಷ್ಟ್ರೀಕರಿಸಿತು. ತಾಯ್ನಾಡು ಕಳೆದುಕೊಂಡವರ ಸಮುದಾಯದಲ್ಲೂ ಗಿರಣಿ ಒಡೆಯರು ಇರುತ್ತಾರೆ, ಅವರ ಹಿತ ಬೇರೆ ಇರುತ್ತದೆ. ಸಮುದಾಯದ ಹೆಸರಿನಲ್ಲಿ ಎಲ್ಲರನ್ನೂ ಒಂದೇ ಮೂಟೆ ಕಟ್ಟುವ ಅಭ್ಯಾಸ ನಮಗೂ ಇರುವುದರಿಂದ ಇದನ್ನು ಹೇಳಿದೆ.

ಮೊದಲ ಮುಷ್ಕರ ಮುಗಿದದ್ದು ನವೆಂಬರ್ ಮೊದಲ ವಾರದಲ್ಲಿ. ಅಲೆಂಡೆ ಸೇನಾ ಮುಖ್ಯಸ್ಥ ಜನರಲ್ ಕಾರ್ಲೋಸ್ ಪ್ರಾಟ್ಸ್ ಅವರನ್ನು ಗೃಹ ಖಾತೆಯ ಸಚಿವರನ್ನಾಗಿ ನೇಮಿಸಿದರು. ಪ್ರಾಟ್ಸ್ ಸಂವಿಧಾನಕ್ಕೆ ನಿಷ್ಠರಾದ ಸೈನಿಕ, ಎರಡೂ ಕಡೆಯವರು ಅವರ ಮಾತನ್ನು ನಂಬಬಹುದಾಗಿತ್ತು. ರಸ್ತೆ ಸಾಗಾಣಿಕೆಯನ್ನು ರಾಷ್ಟ್ರೀಕರಿಸುವುದಿಲ್ಲ, ಮುಷ್ಕರ ಹೂಡಿದವರ ಮೇಲೆ ಸೇಡು ತೀರಿಸಿಕೊಳ್ಳುವುದಿಲ್ಲ ಎಂಬ ಭರವಸೆ ಸಿಕ್ಕಿತು. ಲಾರಿಗಳು ಮತ್ತೆ ರಸ್ತೆಗಿಳಿದವು. ಸಂಘದ ದೃಷ್ಟಿಯಿಂದ ನೋಡಿದರೆ ಇದು ಗೆಲುವೇ. ಕೇಳಿದ್ದು ಸಿಕ್ಕಿತ್ತು. ಆದರೆ ಮಿಲಿಟರಿಯನ್ನು ಬ್ಯಾರಕ್ಕಿನಿಂದ ಸಚಿವ ಸಂಪುಟಕ್ಕೆ ಕರೆತಂದದ್ದೂ ಇದೇ ಮುಷ್ಕರ.

1973ರ ಮಾರ್ಚ್‌ನಲ್ಲಿ ಸಂಸತ್ತಿನ ಚುನಾವಣೆ ನಡೆಯಿತು. ಮೂರನೇ ಎರಡರಷ್ಟು ಸ್ಥಾನ ಗೆದ್ದು ಅಲೆಂಡೆಯನ್ನು ಕಾನೂನುಬದ್ಧವಾಗಿಯೇ ಇಳಿಸುವುದು ವಿರೋಧ ಪಕ್ಷಗಳ ಲೆಕ್ಕಾಚಾರವಾಗಿತ್ತು. ಬೆಲೆಯೇರಿಕೆ, ಕ್ಯೂ, ಅಭಾವ ಇಷ್ಟೆಲ್ಲ ಇದ್ದರೂ ಸರ್ಕಾರದ ಮೈತ್ರಿಕೂಟಕ್ಕೆ ಸುಮಾರು ಶೇ. 43ರಷ್ಟು ಮತ ಬಂತು. 1970ರಲ್ಲಿ ಅಲೆಂಡೆಗೆ ಸಿಕ್ಕಿದ್ದಕ್ಕಿಂತ ಹೆಚ್ಚು! ಮತಪೆಟ್ಟಿಗೆಯ ದಾರಿ ಮುಚ್ಚಿದ ಮೇಲೆ ಬೇರೆ ದಾರಿಯ ಹುಡುಕಾಟ ಆರಂಭವಾಯಿತು.

ಜುಲೈ ಕೊನೆಯ ವಾರದಲ್ಲಿ ಲಾರಿಗಳು ಮತ್ತೆ ನಿಂತವು. ಬಿಡಿಭಾಗ ಬರಲಿಲ್ಲ, ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂಬುದು ಒಕ್ಕೂಟದ ಆರೋಪ. ಆರೋಪದಲ್ಲಿ ಹುರುಳಿತ್ತು. ಆದರೆ ಈ ಸಲದ ಮುಷ್ಕರದ ಹದವೇ ಬೇರೆ. ರಾಜಧಾನಿಯ ಹೊರವಲಯದಲ್ಲಿ, ಹೆದ್ದಾರಿಯ ಬದಿಯ ಬಯಲುಗಳಲ್ಲಿ ನೂರಾರು ಲಾರಿಗಳನ್ನು ಒತ್ತಾಗಿ ನಿಲ್ಲಿಸಿ, ಸುತ್ತ ಕಾವಲು ಹಾಕಿ, ಮಾಲೀಕರು ಅಲ್ಲೇ ಬಿಡಾರ ಹೂಡಿದರು. ಓಡುವ ಲಾರಿಗಳ ಟೈರು ಸೀಳಲು ರಸ್ತೆಗೆ ಮೊಳೆಗಳನ್ನು ಬಾಗಿಸಿ ಎರಚಲಾಗುತ್ತಿತ್ತು. ಚಿಲಿಯ ಜನ ಅವಕ್ಕೆ 'ಮಿಗೆಲಿತೊ' ಎಂದು ಹೆಸರಿಟ್ಟರು. ರೈಲು ಹಳಿಗಳ ಮೇಲೆ, ತೈಲದ ಕೊಳವೆಗಳ ಮೇಲೆ ಬಾಂಬು ಬಿದ್ದವು. ಮುಷ್ಕರದ ಮೊದಲ ದಿನಗಳಲ್ಲೇ ಅಲೆಂಡೆಯ ನೌಕಾಪಡೆ ಸಹಾಯಕ ಅಧಿಕಾರಿ ಆರ್ತುರೊ ಅರಾಯಾ ಅವರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಮುಷ್ಕರ ಒಂದು ತಿಂಗಳು ದಾಟಿತು. ಆಗಸ್ಟ್ ಕಳೆಯಿತು. ಲಾರಿಗಳು ಕದಲಲಿಲ್ಲ.

ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಒಂದೂವರೆ ತಿಂಗಳು ಲಾರಿ ನಿಲ್ಲಿಸಿದ ಮಾಲೀಕನ ಮನೆಯಲ್ಲಿ ಒಲೆ ಹೇಗೆ ಉರಿಯಿತು? ಕಂತು ಯಾರು ಕಟ್ಟಿದರು? ನಮ್ಮ ದೇಶದಲ್ಲಿ 2018ರ ಜುಲೈಯಲ್ಲಿ ಲಾರಿ ಮುಷ್ಕರ ನಡೆದಾಗ ಎಂಟು ದಿನಗಳಲ್ಲಿ ಅದನ್ನು ಹಿಂದೆಗೆದುಕೊಳ್ಳಲಾಯಿತು. ಎಲ್ಲ ಮುಷ್ಕರಗಳಿಗೂ ಒಂದು ಸಹಜ ಗಡುವು ಇರುತ್ತದೆ. ಎದುರಾಳಿ ಸೋಲುವ ಮೊದಲೇ ಮುಷ್ಕರ ಹೂಡಿದವನ ಮನೆಯ ಹಿಟ್ಟಿನ ಡಬ್ಬಿ ಖಾಲಿಯಾಗುತ್ತದೆ. ಆ ಹಸಿವೇ ಎರಡೂ ಕಡೆಯವರನ್ನು ಮಾತುಕತೆಯ ಮೇಜಿಗೆ ಎಳೆದು ತರುತ್ತದೆ. ಚಿಲಿಯ ಎರಡನೇ ಮುಷ್ಕರದಲ್ಲಿ ಈ ಹಸಿವು ಕಾಣೆಯಾಗಿತ್ತು. ಬಿಡಾರವೊಂದಕ್ಕೆ ಹೋದ ಅಮೆರಿಕದ 'ಟೈಮ್' ವಾರಪತ್ರಿಕೆಯ ವರದಿಗಾರರಿಗೆ ಅಲ್ಲಿ ಮಾಂಸ, ತರಕಾರಿ, ದ್ರಾಕ್ಷಾರಸದ ಊಟ ನಡೆಯುತ್ತಿದ್ದುದು ಕಂಡಿತು. ದೇಶದ ಉಳಿದ ಜನ ರೊಟ್ಟಿಗಾಗಿ ಕ್ಯೂ ನಿಂತಿದ್ದ ದಿನಗಳವು. ದುಡ್ಡು ಎಲ್ಲಿಂದ ಎಂದು ಕೇಳಿದಾಗ ಅವರು ನಗುತ್ತ ಕೊಟ್ಟ ಉತ್ತರ: ಸಿಐಎ.

ತಮಾಷೆಯೋ ನಿಜವೋ? 1974ರ ಸೆಪ್ಟೆಂಬರಿನಲ್ಲಿ ಪತ್ರಕರ್ತ ಸೆಮೂರ್ ಹರ್ಷ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಚಿಲಿಯಲ್ಲಿ ರಹಸ್ಯವಾಗಿ ವ್ಯಯಿಸಿದ ಹಣದ ಬಹುಪಾಲು ಮುಷ್ಕರಗಾರರಿಗೂ ಸರ್ಕಾರ ವಿರೋಧಿ ಸಂಘಗಳಿಗೂ ಹೋಯಿತೆಂದು ಬರೆದರು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ ಕಡತಗಳನ್ನು ತೆರೆಸಿತು. ಅದರ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗಿದೆ. 1970ರಿಂದ 1973ರ ದಂಗೆಯವರೆಗೆ ಚಿಲಿಯಲ್ಲಿ ರಹಸ್ಯ ಕಾರ್ಯಾಚರಣೆಗೆ ಖರ್ಚಾದದ್ದು ಸುಮಾರು 80 ಲಕ್ಷ ಡಾಲರ್. ಪಕ್ಷಗಳಿಗೆ, 'ಎಲ್ ಮರ್ಕುರಿಯೊ' ಪತ್ರಿಕೆಗೆ, ಖಾಸಗಿ ಉದ್ಯಮಿಗಳ ಸಂಘಟನೆಗಳಿಗೆ ಅದು ಹಂಚಿಹೋಯಿತು. ಲಾರಿ ಮಾಲೀಕರಿಗೆ ನೇರವಾಗಿ ಹಣ ಕೊಡಲು ವಾಷಿಂಗ್ಟನ್ ಒಪ್ಪಿಗೆ ನೀಡಿರಲಿಲ್ಲ. ಆದರೆ ಸಿಐಎ ಹಣ ಪಡೆದ ಉದ್ಯಮಿಗಳ ಗುಂಪೊಂದು 1972ರ ಮುಷ್ಕರಗಾರರಿಗೆ 2,800 ಡಾಲರ್ ದಾಟಿಸಿದ್ದು ಪತ್ತೆಯಾಯಿತು. ಇದು ನಿಯಮಕ್ಕೆ ವಿರುದ್ಧವೆಂದು ಸಿಐಎ ಗದರಿಸಿತು. ಮರುತಿಂಗಳು ಅದೇ ಗುಂಪಿಗೆ ಮತ್ತೆ ಹಣ ಕೊಟ್ಟಿತು.

2,800 ಡಾಲರ್ ಎಂಬ ಸಣ್ಣ ಮೊತ್ತವನ್ನು ಹಿಡಿದುಕೊಂಡು ಅಮೆರಿಕದ ಪಾತ್ರವೇ ಇಲ್ಲ ಎಂದು ವಾದಿಸುವವರಿದ್ದಾರೆ. ಎಲ್ಲವೂ ಅಮೆರಿಕದ ಆಟ, ಲಾರಿಯವರು ಬರೀ ಗೊಂಬೆಗಳು ಎನ್ನುವವರೂ ಇದ್ದಾರೆ. ಎರಡೂ ಅತಿ ಸುಲಭದ ಮಾತುಗಳು. ಹಣಕ್ಕೆ ಬಣ್ಣವಿಲ್ಲ. ಉದ್ಯಮಿಯ ಒಂದು ಜೇಬಿಗೆ ಹೊರಗಿನ ಡಾಲರ್ ಬಂದರೆ ಇನ್ನೊಂದು ಜೇಬಿನ ದುಡ್ಡು ಮುಷ್ಕರಕ್ಕೆ ಬಿಡುಗಡೆಯಾಗುತ್ತದೆ. ಜೊತೆಗೆ ಕಾಳಸಂತೆಯಲ್ಲಿ ಡಾಲರಿನ ಬೆಲೆ ಅಧಿಕೃತ ದರದ ಎಷ್ಟೋ ಪಟ್ಟು ಇದ್ದ ಕಾಲ. ಕೆಲವೇ ಸಾವಿರ ಡಾಲರ್ ಎಷ್ಟೋ ಒಲೆಗಳನ್ನು ಉರಿಸಬಲ್ಲದಾಗಿತ್ತು. ಹಾಗೆಯೇ ಲಾರಿಯವನ ಸಿಟ್ಟನ್ನು ಯಾರೂ ಡಾಲರ್ ಕೊಟ್ಟು ಕೊಂಡಿರಲಿಲ್ಲ. ಅದು ಅವನದೇ ಸಿಟ್ಟು. ಅಲೆಂಡೆ ಸರ್ಕಾರದ ಎಡವಟ್ಟುಗಳನ್ನೂ ಮರೆಯಬಾರದು. ರಾಷ್ಟ್ರೀಕರಣದ ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಸಣ್ಣ ಮಾಲೀಕರಿಗೆ ಸ್ಪಷ್ಟವಾಗಿ ಹೇಳಲು ಅದಕ್ಕೆ ಕೊನೆಯವರೆಗೂ ಸಾಧ್ಯವಾಗಲಿಲ್ಲ. ಮೈತ್ರಿಕೂಟದ ಒಬ್ಬ ನಾಯಕ ಭರವಸೆ ಕೊಟ್ಟರೆ ಇನ್ನೊಬ್ಬ ಅದನ್ನು ಮರುದಿನವೇ ಅಳಿಸುತ್ತಿದ್ದ. ಬಡವರ ಪರ ಎಂದು ಬಂದ ಸರ್ಕಾರಕ್ಕೆ, ಒಂದೇ ಲಾರಿ ಇರುವವನು ಬಡವನೋ ಬಂಡವಾಳಗಾರನೋ ಎಂಬುದೇ ಇತ್ಯರ್ಥವಾಗಿರಲಿಲ್ಲ.

ಆದರೆ ಸಿಟ್ಟು ತನ್ನದಾಗಿದ್ದು ಅನ್ನ ಬೇರೆಯವರದಾದಾಗ ಸಂಘದ ಕೈಯಿಂದ ಲಗಾಮು ಜಾರುತ್ತದೆ. ಮುಷ್ಕರ ಯಾವಾಗ ಮುಗಿಯಬೇಕೆಂಬುದನ್ನು ಐಸೇನಿನ ಲಾರಿಯವನು ತೀರ್ಮಾನಿಸುವ ಕಾಲ ಮುಗಿದಿತ್ತು.

ಆಗಸ್ಟ್ 23ರಂದು ಪ್ರಾಟ್ಸ್ ರಾಜೀನಾಮೆ ನೀಡಿದರು. ಅವರ ಜಾಗಕ್ಕೆ ಬಂದವರು ಆಗಸ್ಟೊ ಪಿನೊಚೆ. ಸೆಪ್ಟೆಂಬರ್ 11ರಂದು ಅಧ್ಯಕ್ಷರ ಅರಮನೆಯ ಮೇಲೆ ವಿಮಾನಗಳು ಬಾಂಬು ಹಾಕಿದವು. ಅಲೆಂಡೆ ಒಳಗೇ ಪ್ರಾಣಬಿಟ್ಟರು. ಲಾರಿ ಮುಷ್ಕರ ತಾನಾಗಿಯೇ ಮುಗಿಯಿತು. ಬಿಡಿಭಾಗ ಅಷ್ಟು ಬೇಗ ಎಲ್ಲಿಂದಲೂ ಬಂದಿರಲಿಲ್ಲ, ಬೇಡಿಕೆ ಈಡೇರಿರಲಿಲ್ಲ, ಆದರೂ ಲಾರಿಗಳು ಹೊರಟವು. ಮುಂದಿನ ಹದಿನಾರೂವರೆ ವರ್ಷಗಳ ಆಡಳಿತದಲ್ಲಿ 3 ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು ಅಥವಾ ಕಣ್ಮರೆಯಾದರು. ಹತ್ತಾರು ಸಾವಿರ ಜನ ಚಿತ್ರಹಿಂಸೆ ಅನುಭವಿಸಿದರು. ಮೊದಲ ಮುಷ್ಕರಕ್ಕೆ ರಾಜಿ ಮಾಡಿಸಿದ್ದ ಪ್ರಾಟ್ಸ್ ಅವರನ್ನು 1974ರ ಸೆಪ್ಟೆಂಬರ್ 30ರಂದು ಬ್ಯೂನಸ್ ಐರಿಸ್‌ನಲ್ಲಿ ಪಿನೊಚೆಯ ಗುಪ್ತಚರರು ಕಾರಿಗೆ ಬಾಂಬಿಟ್ಟು ಪತ್ನಿಯ ಸಮೇತ ಕೊಂದರು.

ಲಾರಿ ಮಾಲೀಕರಿಗೆ ಏನು ಸಿಕ್ಕಿತು? ಸರ್ಕಾರಿ ಲಾರಿಯ ಭಯ ಹೋಯಿತು. ಅದರ ಜಾಗದಲ್ಲಿ ಮುಕ್ತ ಮಾರುಕಟ್ಟೆ ಬಂತು. ಹೊಸ ಲಾರಿಗಳ ಆಮದಿಗೆ ಬಾಗಿಲು ತೆರೆಯಿತು, ಡಾಲರ್ ಲೆಕ್ಕದಲ್ಲಿ ಸಾಲ ಸುಲಭವಾಗಿ ಸಿಕ್ಕಿತು. ಬಹಳ ಜನ ಸಾಲ ಮಾಡಿದರು. 1982ರಲ್ಲಿ ಚಿಲಿಯ ಆರ್ಥಿಕತೆ ಕುಸಿಯಿತು. ಒಂದೇ ವರ್ಷದಲ್ಲಿ ದೇಶದ ಉತ್ಪನ್ನ ಶೇ. 13ಕ್ಕಿಂತ ಹೆಚ್ಚು ಇಳಿಯಿತು. ನಾಣ್ಯದ ಅಪಮೌಲ್ಯದಿಂದ ಡಾಲರ್ ಸಾಲ ರಾತ್ರೋರಾತ್ರಿ ಉಬ್ಬಿತು. ಲೋಡು ಇಲ್ಲ, ಕಂತು ಮಾತ್ರ ಬೆಳೆಯಿತು. 1983ರ ಜೂನ್‌ನಲ್ಲಿ ಪಿನೊಚೆ ವಿರುದ್ಧ ಕಾರ್ಮಿಕ ಸಂಘಗಳು ಮುಷ್ಕರಕ್ಕೆ ಕರೆ ಕೊಟ್ಟಾಗ ಅದೇ ಲಾರಿ ಮಾಲೀಕರ ಒಕ್ಕೂಟ, ಅಡೋಲ್ಫೊ ಕಿಂತೆರೋಸ್ ಅವರ ಮುಖಂಡತ್ವದಲ್ಲಿ, ಅವರ ಜೊತೆಗೆ ನಿಂತಿತು. ಹತ್ತು ವರ್ಷಗಳ ಹಿಂದೆ ಯಾರ ವಿರುದ್ಧ ಲಾರಿ ನಿಲ್ಲಿಸಿದ್ದರೋ ಅವರ ಪಕ್ಕದಲ್ಲಿಯೇ. ಈ ಸಲ ಬಿಡಾರಕ್ಕೆ ಮಾಂಸದೂಟ ಬರಲಿಲ್ಲ. ಮುಷ್ಕರ ಕೆಲವೇ ದಿನಗಳಲ್ಲಿ ಕರಗಿತು.

ಐಸೇನಿಗೆ ಬಂದರೆ, 1976ರಿಂದ ಸೈನ್ಯದ ಉಸ್ತುವಾರಿಯಲ್ಲಿ ಅಲ್ಲಿಗೆ ರಸ್ತೆ ಕಡಿಯುವ ಕೆಲಸ ಆರಂಭವಾಯಿತು. ಆ ರಸ್ತೆ ಈಗ ನೂರಾರು ಕಿಲೋಮೀಟರ್ ಉದ್ದಕ್ಕೆ ಚಾಚಿದೆ. ಆದರೂ ದೇಶದ ಉಳಿದ ಭಾಗದಿಂದ ಅಲ್ಲಿಗೆ ಹೋಗಬೇಕಾದರೆ ನಡುವೆ ಹಡಗು ಹತ್ತಬೇಕು, ಇಲ್ಲವೇ ಅರ್ಜೆಂಟೀನಾದ ಮೂಲಕ ಸುತ್ತಬೇಕು. 2012ರ ಫೆಬ್ರವರಿಯಲ್ಲಿ ಐಸೇನಿನ ಜನ ಮತ್ತೆ ರಸ್ತೆ ತಡೆದರು. ಮೀನುಗಾರರು ಮುಂದಾಳುಗಳಾಗಿದ್ದ ಆ ಚಳವಳಿ ವಾರಗಟ್ಟಲೆ ನಡೆಯಿತು. ಅವರ ಬೇಡಿಕೆಪಟ್ಟಿಯಲ್ಲಿ ಇಂಧನಕ್ಕೆ ಸಬ್ಸಿಡಿ, ಆಸ್ಪತ್ರೆ, ವಿಶ್ವವಿದ್ಯಾಲಯ ಇವೆಲ್ಲ ಇದ್ದವು. ದೂರದ ಪ್ರಾಂತ್ಯದವರಾದ ತಮಗೆ ಸಾಗಾಣಿಕೆಯ ವೆಚ್ಚ ಹೊರಲಾಗುತ್ತಿಲ್ಲ, ಇದಕ್ಕೆ ಸರ್ಕಾರವೇ ಮುಂದೆ ಬರಬೇಕು ಎಂಬುದೂ ಅವರ ಅಹವಾಲುಗಳಲ್ಲಿ ಒಂದಾಗಿತ್ತು.